ಬಹುಮಾನದ ಆಸೆ ಮತ್ತು ಅಂತರಂಗದ ಪ್ರೇರಣೆ

ಮಕ್ಕಳು ಓದಲಿ, ಸದಭ್ಯಾಸಗಳನ್ನು ಬೆಳೆಸಿಕೊಳ್ಳಲಿ ಎಂಬ ಹಂಬಲದಿಂದ ನಾವು ಅವರ ಮುಂದೆ ಬಗೆಬಗೆಯ ಬಹುಮಾನಗಳನ್ನು ಇಡುತ್ತೇವೆ. ಈ ಆಮಿಷವು ಎಳೆಯ ಮನಸ್ಸಿನಲ್ಲಿ ಏನನ್ನು ಬಿತ್ತುತ್ತದೆ ಎಂಬುದನ್ನು ಮನಃಶಾಸ್ತ್ರಜ್ಞರು ಅರ್ಧ ಶತಮಾನದಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಅವರು ಕಂಡುಕೊಂಡುದನ್ನು ತಂದೆತಾಯಂದಿರೂ ಗುರುಗಳೂ ಅರಿಯುವುದು ಅವಶ್ಯ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ನಡೆಸಿದ ಪ್ರಯೋಗವೊಂದು 1973ರಲ್ಲಿ ಪ್ರಕಟವಾಯಿತು. ಚಿತ್ರ ಬಿಡಿಸುವುದರಲ್ಲಿ ಸಹಜವಾಗಿಯೇ ಆಸಕ್ತರಾಗಿದ್ದ 3ರಿಂದ 5 ವರ್ಷದ ಮಕ್ಕಳನ್ನು ಅವರು ಮೂರು ಗುಂಪುಗಳನ್ನಾಗಿ ಮಾಡಿದರು. ಮೊದಲ ಗುಂಪಿಗೆ, ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ದೊರೆಯುವುದೆಂದು ಮುಂಚಿತವಾಗಿ ತಿಳಿಸಿ, ಅದನ್ನು ಕೊಡಲಾಯಿತು. ಎರಡನೆಯ ಗುಂಪಿಗೆ ಮುಂಚಿತವಾಗಿ ಏನನ್ನೂ ತಿಳಿಸದೆ ಕೊನೆಯಲ್ಲಿ ಅದೇ ಪತ್ರವನ್ನು ಕೊಡಲಾಯಿತು. ಮೂರನೆಯ ಗುಂಪಿಗೆ ಏನನ್ನೂ ಕೊಡಲಿಲ್ಲ. ಒಂದೆರಡು ವಾರಗಳ ತರುವಾಯ ತಮಗೆ ಬೇಕಾದ ಆಟ ಆಡುವ ಅವಕಾಶವಿತ್ತಾಗ, ಮೊದಲ ಗುಂಪಿನ ಮಕ್ಕಳು ಚಿತ್ರಕ್ಕಾಗಿ ಕಳೆದ ಸಮಯವು ಉಳಿದವರದರ ಸುಮಾರು ಅರ್ಧದಷ್ಟು ಮಾತ್ರ. ಎರಡನೆಯ ಗುಂಪಿನ ಮಕ್ಕಳೂ ಪ್ರಶಸ್ತಿ ಪಡೆದಿದ್ದರು. ಆದರೂ ಅವರ ಆಸಕ್ತಿ ಕುಂದಲಿಲ್ಲ. ಆದ್ದರಿಂದ ದೋಷವು ಪ್ರಶಸ್ತಿಯದಲ್ಲ, ‘ಅದಕ್ಕಾಗಿಯೇ ಮಾಡುತ್ತಿದ್ದೇನೆ’ ಎಂಬ ಭಾವದ್ದು.

ರೋಚೆಸ್ಟರ್ ವಿಶ್ವವಿದ್ಯಾಲಯದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಇಂತಹ ಅಧ್ಯಯನಗಳನ್ನು ಆಧರಿಸಿ ಸ್ವಯಂನಿರ್ಧಾರ ಸಿದ್ಧಾಂತವನ್ನು ರೂಪಿಸಿದರು. ದೇಹಕ್ಕೆ ಅನ್ನ ನೀರುಗಳಿರುವಂತೆ ಮನಸ್ಸಿಗೂ ಮೂರು ಅಗತ್ಯಗಳುಂಟೆಂಬುದು ಅವರ ನಿಲುವು: ತನ್ನ ಒಪ್ಪಿಗೆಯಿಂದ ನಡೆಯುವ ಸ್ವಾಯತ್ತತೆ, ‘ನನ್ನಿಂದ ಸಾಧ್ಯ’ ಎಂಬ ಸಾಮರ್ಥ್ಯದ ಅರಿವು, ಮತ್ತು ತನ್ನವರೊಡನೆ ಬೆಸೆದ ಬಾಂಧವ್ಯ. ಇಲ್ಲಿ ಸ್ವಾಯತ್ತತೆ ಎಂದರೆ ಸ್ವೇಚ್ಛೆಯಲ್ಲ, ಒಂಟಿತನವೂ ಅಲ್ಲ. ಹಿರಿಯರ ಮಾತನ್ನು ಮನಸಾರೆ ಒಪ್ಪಿ ನಡೆಯುವವನೂ ಸ್ವಾಯತ್ತನೇ. ಅಂಜಿ ನಡೆಯುವವನು ಅಲ್ಲ.

ಈ ವಿಷಯದಲ್ಲಿ ವಿದ್ವಾಂಸರ ನಡುವೆ ಚರ್ಚೆಯೂ ನಡೆದಿದೆ. ಬಹುಮಾನದಿಂದ ಒಟ್ಟಾರೆ ಹಾನಿಯಿಲ್ಲವೆಂದು 1994ರಲ್ಲಿ ಜೂಡಿ ಕ್ಯಾಮರಾನ್ ಮತ್ತು ಡೇವಿಡ್ ಪಿಯರ್ಸ್ ವಾದಿಸಿದರು. 1999ರಲ್ಲಿ ಡೆಸಿ, ರಿಚರ್ಡ್ ಕೋಸ್ಟ್‌ನರ್ ಮತ್ತು ರಯಾನ್ 128 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಮುಂಚಿತವಾಗಿ ಮಾತುಕೊಟ್ಟ ವಸ್ತುರೂಪದ ಬಹುಮಾನವು ಸಹಜಾಸಕ್ತಿಯನ್ನು ಕುಗ್ಗಿಸುತ್ತದೆ, ಅದರಲ್ಲಿಯೂ ಮಕ್ಕಳಲ್ಲಿ ಹೆಚ್ಚು ಎಂಬುದು ಅವರ ನಿರ್ಣಯ. ಮೆಚ್ಚುಗೆಯ ಮಾತು ಮಾತ್ರ ಆಸಕ್ತಿಯನ್ನು ಹೆಚ್ಚಿಸುವಂತಹುದಾಗಿತ್ತು. ಮೊದಲಿನಿಂದಲೂ ಬೇಸರ ತರುವ ಕೆಲಸಕ್ಕೆ ಈ ಆತಂಕವಿಲ್ಲ. ಕುಂದಲು ಅಲ್ಲಿ ಆಸಕ್ತಿಯೇ ಇರುವುದಿಲ್ಲ.

ಆದುದರಿಂದ ಮಗುವು ತಾನಾಗಿ ಪುಸ್ತಕ ಹಿಡಿದಾಗ ನಾವು ಅದಕ್ಕೆ ಬೆಲೆ ಕಟ್ಟದಿರೋಣ. ಏನು ಓದಿದೆಯೆಂದು ಅಕ್ಕರೆಯಿಂದ ಕೇಳೋಣ, ಚೆನ್ನಾಗಿ ಮಾಡಿದುದನ್ನು ಗುರುತಿಸಿ ಹೇಳೋಣ, ಬೇಸರದ ಕೆಲಸವಾದರೆ ಅದೇಕೆ ಬೇಕೆಂಬುದನ್ನು ತಿಳಿಸೋಣ. ಒಪ್ಪಿ ಮಾಡಿದ ಕೆಲಸವು ನಾವು ಎದುರಿಗಿಲ್ಲದಾಗಲೂ ಮುಂದುವರಿಯುತ್ತದೆ.