ವಾಲಿಯ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ

ವೇಷವಿಲ್ಲ, ಕುಣಿತವಿಲ್ಲ, ಹಾಡು-ಮದ್ದಲೆಯ ಜೊತೆ ಇರುವುದು ಮಾತು ಮಾತ್ರ. ಯಕ್ಷಗಾನದ ಇಂಥ ಕೂಟವಾದ ತಾಳಮದ್ದಲೆಯ ವಾಲಿವಧೆಯಲ್ಲಿ ‘ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ?’ ಎಂದು ವಾಲಿ ಕೇಳಿದರೆ, ರಾಮನಾಗಿ ಮಾತಾಡುವ ಅರ್ಥಧಾರಿ ಆ ಪ್ರಶ್ನೆಯನ್ನು ಹಾರಿಸಿ ಮುಂದೆ ಹೋಗುವಂತಿಲ್ಲ. ಮಲ್ಪೆಯ ಸಾಮಗ ಸಹೋದರರಂಥವರು ಹೆಸರು ಮಾಡಿದ್ದು ಇಂಥ ವಾದಕಲೆಯಲ್ಲೇ. ಇದೇ ಕರಾವಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರಂತೂ ವಾದದ ನಿಯಮಗಳಿಗೆಂದೇ ‘ಕಥಾಲಕ್ಷಣ’ ಎಂಬ ಗ್ರಂಥ ಬರೆದರು.

ಇಂಗ್ಲಿಷಿನ ವಾದಪ್ರಬಂಧ ಬೇಡುವುದೂ ಎದುರು ಪ್ರಶ್ನೆಗೆ ಉತ್ತರಿಸುವ ಈ ಕಲೆಯನ್ನೇ. ಮಣಿಪಾಲದಲ್ಲೋ ಕಾರ್ಕಳದಲ್ಲೋ ಓದುವ ಹುಡುಗಿ ‘ಕಾಪು ಕಡಲತೀರ ಸುಂದರ’ ಎಂದು ಬರೆದರೆ ಅದು ವಾದವಲ್ಲ, ಅಲ್ಲವೆನ್ನುವವರೇ ಇಲ್ಲ! ‘ಮಳೆಗಾಲದಲ್ಲಿ ಕಾಪುವಿನಲ್ಲಿ ಪ್ರವಾಸಿಗರನ್ನು ನೀರಿಗೆ ಬಿಡಬಾರದು’ ಎಂದರೆ ವಾದ ಶುರುವಾಯಿತು. ಈ ನಿಲುವನ್ನು ಮೊದಲ ಪ್ಯಾರಾದಲ್ಲೇ ನೇರವಾಗಿ ಹೇಳಬೇಕು. ನಮ್ಮವರು ಎಡವುವುದು ಇಲ್ಲೇ: ಪೀಠಿಕೆಯಲ್ಲೇ ಅರ್ಧ ಪುಟ ಮುಗಿಯುತ್ತದೆ.

ಆಮೇಲೆ ಪ್ಯಾರಾಕ್ಕೊಂದು ಕಾರಣ. ಜೂನಿನಲ್ಲಿ ಕಡಲು ಪ್ರಕ್ಷುಬ್ಧ, ಸೆಳೆತ ಜೋರು, ಯಾಂತ್ರೀಕೃತ ದೋಣಿಗಳಿಗೂ ಆಗ ಮೀನುಗಾರಿಕೆ ನಿಷೇಧ.

ಎದುರು ಪಕ್ಷ ಸುಮ್ಮನಿದ್ದೀತೇ? ಅಂಗಡಿಯವರ ವ್ಯಾಪಾರ ಬೀಳುತ್ತದೆ ಎನ್ನುತ್ತದೆ. ಆ ಮಾತನ್ನು ಅದರ ಪೂರ್ತಿ ಬಲದೊಂದಿಗೇ ಬರೆದು, ‘ನಿಷೇಧ ನೀರಿಗಿಳಿಯುವುದಕ್ಕೆ ಮಾತ್ರ, 1901ರ ದೀಪಸ್ತಂಭ ನೋಡಲು, ಚುರುಮುರಿ ತಿನ್ನಲು ಅಡ್ಡಿಯಿಲ್ಲ’ ಎಂದು ಉತ್ತರಿಸಬೇಕು. ಸೋಲಿಸಲು ಸುಲಭವಾದ ವಾಲಿಯನ್ನು ಕಟ್ಟಿಕೊಂಡರೆ ರಾಮನೂ ಸಪ್ಪೆ.

ಇದಕ್ಕೆಲ್ಲ ಸಮಯ ಸಾಲುತ್ತದೆಯೇ? ವಿದೇಶಕ್ಕೆ ಹೊರಟವರು ಬರೆಯುವ ಇಂಗ್ಲಿಷಿನ ಐಇಎಲ್‌ಟಿಎಸ್ ಪರೀಕ್ಷೆಯ ಪ್ರಬಂಧಕ್ಕೆ ಕನಿಷ್ಠ 250 ಪದ ಬೇಕು, ಸೂಚಿಸಿದ ಸಮಯ 40 ನಿಮಿಷ. ಮೊದಲ ಐದು ನಿಮಿಷ ಎರಡೂ ಪಕ್ಷಗಳ ಮಾತನ್ನು ಗುರುತು ಹಾಕಿಕೊಳ್ಳಲು ಮೀಸಲಿಟ್ಟರೆ ಉಳಿದದ್ದು ಬರವಣಿಗೆಗೆ ಸಾಕಾಗುತ್ತದೆ.