ಕೈಪಿಡಿ ಇಲ್ಲದ ಚಿಪ್ಪಿಗೆ ಚಾಲಕ ತಂತ್ರಾಂಶ

ಗಣಕದ ತೆರೆಯ ಮೇಲಿನ ಚಿತ್ರ ಸಣ್ಣ ಬಿಂದುಗಳಿಂದಾದುದು ಎಂಬುದು ನಿಮಗೆ ತಿಳಿದಿದೆ. 1920 × 1080 ಬಿಂದುಗಳ ತೆರೆಯಲ್ಲಿ ಅವುಗಳ ಸಂಖ್ಯೆ 20 ಲಕ್ಷಕ್ಕೂ ಹೆಚ್ಚು. ಚಿತ್ರ ಸೆಕೆಂಡಿಗೆ 60 ಸಲ ಬದಲಾಗಬೇಕಾದರೆ ಪ್ರತಿ ಸೆಕೆಂಡಿಗೂ 12 ಕೋಟಿಗೂ ಮಿಕ್ಕ ಬಿಂದುಗಳ ಬಣ್ಣ ನಿರ್ಧಾರವಾಗಬೇಕು. ಈ ಕೆಲಸಕ್ಕೆಂದೇ ಇರುವುದು ಗ್ರಾಫಿಕ್ಸ್ ಸಂಸ್ಕಾರಕ, ಅಂದರೆ ಜಿಪಿಯು.

'ಇಲ್ಲೊಂದು ತ್ರಿಕೋನ ಬರೆ' ಎಂಬ ಆದೇಶ ಜಿಪಿಯುವಿಗೆ ನೇರವಾಗಿ ಅರ್ಥವಾಗುವುದಿಲ್ಲ. ಅದರ ರಿಜಿಸ್ಟರುಗಳಲ್ಲಿ ನಿರ್ದಿಷ್ಟ ಸಂಖ್ಯೆಗಳನ್ನು ಬರೆಯಬೇಕು. ಆಜ್ಞೆಗಳನ್ನು ಅದರದೇ ಭಾಷೆಯಲ್ಲಿ ಸಾಲಾಗಿ ಕೊಡಬೇಕು. ನಡುವೆ ನಿಲ್ಲುವ ದುಭಾಷಿಯೇ ಚಾಲಕ ತಂತ್ರಾಂಶ ಅಥವಾ ಡ್ರೈವರ್.

ಲಿನಕ್ಸ್‌ನಲ್ಲಿ ಈ ದುಭಾಷಿಗೆ ಎರಡು ಭಾಗಗಳಿವೆ. ಕರ್ನೆಲ್‌ನಲ್ಲಿರುವ ಭಾಗ ಸ್ಮೃತಿಯನ್ನು ಹಂಚುತ್ತದೆ, ತೆರೆಯ ಅಳತೆಯನ್ನು ಹೊಂದಿಸುತ್ತದೆ, ಆಜ್ಞೆಗಳನ್ನು ಚಿಪ್ಪಿಗೆ ತಲುಪಿಸುತ್ತದೆ. ಇನ್ನೊಂದು ಭಾಗ ಮೆಸಾ ಎಂಬ ಮುಕ್ತ ಆಕರ ತಂತ್ರಾಂಶದಲ್ಲಿದೆ. ಬ್ರಯನ್ ಪಾಲ್ 1993ರಲ್ಲಿ ಆರಂಭಿಸಿದ ಮೆಸಾ 1995ರಲ್ಲಿ ಮೊದಲ ಬಾರಿಗೆ ಬಿಡುಗಡೆಯಾಯಿತು. ಓಪನ್‌ಜಿಎಲ್, ವಲ್ಕನ್ ಮೊದಲಾದ ಸಾಮಾನ್ಯ ಭಾಷೆಗಳ ಆದೇಶಗಳನ್ನು ಆಯಾ ಚಿಪ್ಪಿನ ಭಾಷೆಗೆ ಅನುವಾದಿಸುವುದು ಅದರ ಕೆಲಸ.

ಅನುವಾದಕ್ಕೆ ನಿಘಂಟು ಬೇಕಲ್ಲವೆ? ಯಾವ ರಿಜಿಸ್ಟರ್ ಏನು ಮಾಡುತ್ತದೆ ಎಂದು ತಿಳಿಸುವ ಕೈಪಿಡಿಯೇ ಆ ನಿಘಂಟು. ಎಎಂಡಿ ಸಂಸ್ಥೆ 2007ರಲ್ಲಿ ತನ್ನ ಚಿಪ್ಪುಗಳ ಕೈಪಿಡಿಗಳನ್ನು ಪ್ರಕಟಿಸತೊಡಗಿತು. ಎನ್ವಿಡಿಯ ಹಾಗೆ ಮಾಡಲಿಲ್ಲ. ಆಕರವನ್ನು ಮುಚ್ಚಿಟ್ಟ ತನ್ನದೇ ಚಾಲಕವನ್ನು ಕೊಡುತ್ತಿತ್ತು. ಈ ಹಿನ್ನೆಲೆಯಲ್ಲಿ ಹುಟ್ಟಿದ್ದು ನೂವೋ ಯೋಜನೆ. ಫ್ರೆಂಚ್ ಭಾಷೆಯಲ್ಲಿ ಈ ಪದಕ್ಕೆ 'ಹೊಸತು' ಎಂದರ್ಥ.

ನೂವೋ ತಂಡದ ವಿಧಾನ ಸರಳ. ಹೆಸರು ಬರೆಯದ ಸ್ವಿಚ್ ಬೋರ್ಡಿನ ಮುಂದೆ ನಿಂತರೆ ನಾವೇನು ಮಾಡುತ್ತೇವೆ? ಒಂದೊಂದೇ ಸ್ವಿಚ್ ಒತ್ತಿ ಯಾವ ದೀಪ ಹೊತ್ತಿತು ಎಂದು ನೋಡುತ್ತೇವೆ. ಇಲ್ಲಿಯೂ ಹಾಗೆಯೇ. ಮುಚ್ಚಿದ ಚಾಲಕದ ಮೂಲಕ ಒಂದು ಕೆಂಪು ತ್ರಿಕೋನ ಬರೆಸಿ, ಚಿಪ್ಪಿಗೆ ಹೋದ ಸಂಖ್ಯೆಗಳನ್ನು ದಾಖಲಿಸುವುದು; ಬಣ್ಣವನ್ನು ಮಾತ್ರ ನೀಲಿಯಾಗಿಸಿ ಮತ್ತೆ ದಾಖಲಿಸುವುದು. ಎರಡು ದಾಖಲೆಗಳ ನಡುವೆ ಬದಲಾದ ಸಂಖ್ಯೆ ಬಣ್ಣಕ್ಕೆ ಸಂಬಂಧಿಸಿರಬೇಕು. ಬಳಕೆದಾರರು ತಮ್ಮ ತಮ್ಮ ಕಾರ್ಡುಗಳ ದಾಖಲೆಗಳನ್ನು ಕಳುಹಿಸಿದರು. ಕರ್ನೆಲ್ ಭಾಗದ ಚಟುವಟಿಕೆಯನ್ನು ದಾಖಲಿಸಲು ಎಂಎಂಐಒಟ್ರೇಸ್ ಎಂಬ ಸಾಧನ ಸಿದ್ಧವಾಯಿತು. 2010ರ ಫೆಬ್ರವರಿಯಲ್ಲಿ ಹೊರಬಂದ ಲಿನಕ್ಸ್ 2.6.33ರಲ್ಲಿ ನೂವೋ ಸೇರಿತು.

ಈ ವಿಧಾನಕ್ಕೂ ಒಂದು ಮಿತಿ ಇದೆ. 2014ರಲ್ಲಿ ಬಂದ ಜಿಟಿಎಕ್ಸ್ 900 ಸರಣಿಯಿಂದ ಚಿಪ್ಪಿನೊಳಗಿನ ನಿಯಂತ್ರಕಗಳು ಎನ್ವಿಡಿಯದ ಅಂಕೀಯ ಸಹಿ ಇರುವ ಫರ್ಮ್‌ವೇರನ್ನು ಮಾತ್ರ ಒಪ್ಪತೊಡಗಿದವು. ಅಂತಹ ಫರ್ಮ್‌ವೇರ್ ಹೇಗಿದೆ ಎಂದು ನೋಡಬಹುದು; ಆದರೆ ಅದರ ಒಂದು ಬಿಟ್ ಬದಲಿಸಿದರೂ ಚಿಪ್ ತಿರಸ್ಕರಿಸುತ್ತದೆ. ಗೂಢಲಿಪಿಯ ಕೀಲಿಯನ್ನು ವೀಕ್ಷಣೆಯಿಂದ ಕಂಡುಹಿಡಿಯಲಾಗದು. ವೇಗವನ್ನು ನಿಯಂತ್ರಿಸುವ ಫರ್ಮ್‌ವೇರ್ ದೊರೆಯದ ಕಾರಣ ಈ ಸರಣಿಯ ಮತ್ತು ನಂತರದ ಜಿಟಿಎಕ್ಸ್ 10 ಸರಣಿಯ ಕಾರ್ಡುಗಳು ನೂವೋ ಬಳಸಿದಾಗ ಆರಂಭದ ಮಂದಗತಿಯಲ್ಲೇ ಉಳಿಯುತ್ತವೆ.

2022ರ ಮೇ ತಿಂಗಳಲ್ಲಿ ಎನ್ವಿಡಿಯ ತನ್ನ ಕರ್ನೆಲ್ ಭಾಗದ ಆಕರವನ್ನು ಬಿಡುಗಡೆ ಮಾಡಿತು. 2024ರ ಜನವರಿಯ ಲಿನಕ್ಸ್ 6.7ರಲ್ಲಿ ಸಂಸ್ಥೆಯದೇ ಜಿಎಸ್‌ಪಿ ಫರ್ಮ್‌ವೇರ್ ಬಳಸುವ ಸೌಲಭ್ಯ ನೂವೋಗೆ ಸಿಕ್ಕಿತು. ಆದರೆ ಇದು 2018ರ ಟ್ಯೂರಿಂಗ್ ಮತ್ತು ಅದರ ನಂತರದ ಚಿಪ್ಪುಗಳಿಗೆ ಮಾತ್ರ. 900 ಮತ್ತು 10 ಸರಣಿಗಳಿಗೆ 580ನೆಯ ಚಾಲಕ ಸರಣಿಯೇ ಕೊನೆಯದು ಎಂದು ಎನ್ವಿಡಿಯ 2025ರಲ್ಲಿ ತಿಳಿಸಿತು. ಹೀಗೆ ಆ ಕಾರ್ಡುಗಳ ಮುಚ್ಚಿದ ಚಾಲಕ ಮುಂದುವರಿಯುವುದಿಲ್ಲ, ಮುಕ್ತ ಚಾಲಕಕ್ಕೆ ವೇಗವಿಲ್ಲ. ಯಂತ್ರ ಕೆಟ್ಟಿಲ್ಲ, ಅದನ್ನು ಬಳಸುವ ಜ್ಞಾನಕ್ಕೆ ಬೀಗ ಬಿದ್ದಿದೆ.

ಮೆಸಾವನ್ನು ವಿದ್ಯಾರ್ಥಿಗಳೂ ಕಟ್ಟಿ ನೋಡಬಹುದು. ಗಿಟ್ ಮೂಲಕ ಆಕರ ಪಡೆದು, ಮೆಸಾನ್ ಎಂಬ ಸಾಧನದಿಂದ ಹೊಂದಿಸಿ, ನಿಂಜಾದಿಂದ ಸಂಕಲನ ಮಾಡಬೇಕು. ಪ್ರತ್ಯೇಕ ಕಡತಕೋಶದಲ್ಲಿ ಸ್ಥಾಪಿಸಿದರೆ ಮೊದಲಿದ್ದ ಚಾಲಕಕ್ಕೆ ಧಕ್ಕೆಯಾಗದು. ಇದರಲ್ಲಿರುವ ಎಲ್‌ಎಲ್‌ವಿಎಂಪೈಪ್ ಎಂಬ ಚಾಲಕ ಜಿಪಿಯು ಇಲ್ಲದೆಯೇ, ಮುಖ್ಯ ಸಂಸ್ಕಾರಕದಿಂದಲೇ ಚಿತ್ರ ಬರೆಸುತ್ತದೆ. ಒಂದೇ ದೃಶ್ಯವನ್ನು ಎರಡೂ ಬಗೆಯಲ್ಲಿ ಓಡಿಸಿ, ಸೆಕೆಂಡಿಗೆ ಎಷ್ಟು ಚೌಕಟ್ಟುಗಳು ಮೂಡುತ್ತವೆ ಎಂದು ಹೋಲಿಸಿ ನೋಡಿ.

ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸು, ಉಳಿದುದನ್ನು ಹಾಗೆಯೇ ಇಡು, ಫಲಿತಾಂಶವನ್ನು ಬರೆದಿಡು: ಪ್ರಯೋಗಶಾಲೆಯಲ್ಲಿ ನಾವು ಕಲಿಸುವ ಈ ಪಾಠದಿಂದಲೇ ನೂವೋ ಕಟ್ಟಲ್ಪಟ್ಟಿತು. ಅದು ನಿಂತದ್ದು ಪ್ರಯೋಗಕ್ಕೆ ಅವಕಾಶವಿಲ್ಲದ ಕಡೆ ಮಾತ್ರ.