ಹೆಸರು, ಹೋಲಿಕೆ, ವಂಶ: ಸಹ್ಯಾದ್ರಿಯ ಒಂದು ಅಪ್ಪುಜರಿಯ ವರ್ಗೀಕರಣ

1

ಒಂದು ಕಾವ್ಯದ ಹಲವು ಹಸ್ತಪ್ರತಿಗಳನ್ನು ಎದುರಿಗಿಟ್ಟುಕೊಂಡು ಅವುಗಳ ಪರಸ್ಪರ ಸಂಬಂಧವನ್ನು ನಿರ್ಣಯಿಸುವ ಕೆಲಸ ಕನ್ನಡ ವಿದ್ಯಾರ್ಥಿಗೆ ಅಪರಿಚಿತವಾದುದಲ್ಲ. ಎರಡು ಪ್ರತಿಗಳು ಒಂದೇ ರೀತಿಯಾಗಿ ಕಾಣುತ್ತವೆ ಎಂದ ಮಾತ್ರಕ್ಕೆ ಅವು ಒಂದೇ ಮೂಲದಿಂದ ಬಂದವೆಂದು ಹೇಳಲಾಗದು. ಹೋಲಿಕೆ ಯಾವ ಬಗೆಯದೆಂಬುದನ್ನು ಮೊದಲು ಪರೀಕ್ಷಿಸಬೇಕು. ಸಸ್ಯವರ್ಗೀಕರಣವೂ ಸಾರದಲ್ಲಿ ಇಂಥದೇ ವಿದ್ಯೆ. ಅಲ್ಲಿಯೂ ಇರುವುದು ಪ್ರತಿಗಳು, ಪಾಠಾಂತರಗಳು, ಕಳೆದುಹೋದ ಮೂಲಗಳು. ಸಹ್ಯಾದ್ರಿಯ ಎತ್ತರದ ಕಾಡುಗಳಲ್ಲಿ ಮರಗಳ ಮೇಲೆ ಬೆಳೆಯುವ ಒಂದು ಚಿಕ್ಕ ಜರೀಗಿಡವನ್ನು ನಿದರ್ಶನವಾಗಿಟ್ಟುಕೊಂಡು ಈ ಮಾತನ್ನು ವಿವರಿಸುವುದೂ, ಅದರಿಂದ ಕನ್ನಡದ ಪದಕೋಶ ಮತ್ತು ಶಾಸ್ತ್ರಸಾಹಿತ್ಯಗಳಿಗೆ ಏನು ತಿಳಿದುಬರುತ್ತದೆಂದು ವಿಚಾರಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

ಆ ಗಿಡದ ಶಾಸ್ತ್ರೀಯ ನಾಮ ಲೆಪಿಸೋರಸ್ ನ್ಯೂಡಸ್. ಇದರಲ್ಲಿ ಮೊದಲ ಪದ ಜಾತಿಯನ್ನೂ ಎರಡನೆಯದು ಪ್ರಭೇದವನ್ನೂ ಸೂಚಿಸುತ್ತವೆ. ಕೃಷ್ಣಾ ನದಿಯ ಉಗಮಸ್ಥಾನವಾದ, ಸುಮಾರು 1,370 ಮೀಟರು ಎತ್ತರದ ಮಹಾಬಲೇಶ್ವರದಲ್ಲಿ ಮಳೆಗಾಲದಲ್ಲಿ ಇದನ್ನು ಧಾರಾಳವಾಗಿ ಕಾಣಬಹುದು. ಕರ್ನಾಟಕದಲ್ಲಿ ಕೊಡಗು, ಬಾಬಾಬುಡನ್‌ಗಿರಿ ಮೊದಲಾದ ಕಡೆಗಳಲ್ಲಿಯೂ ಇದು ಬೆಳೆಯುತ್ತದೆ. ಹೀಗೆ ನಮ್ಮ ನೆಲದ್ದೇ ಆದ ಈ ಗಿಡಕ್ಕೆ ನಮ್ಮ ನಿಘಂಟುಗಳಲ್ಲಿ ಪ್ರತ್ಯೇಕವಾದ ಹೆಸರಿಲ್ಲ. ‘ಜರಿ’ ಎಂಬ ಸಾಮಾನ್ಯ ನಾಮದಲ್ಲಿಯೇ ಇದು ಅಡಗಿಹೋಗಿದೆ.

ಈ ವಿಷಯವನ್ನು ಪುಣೆಯಿಂದ ನೋಡುವುದಕ್ಕೆ ಒಂದು ಔಚಿತ್ಯವುಂಟು. ಖಡಕಿಯಿಂದ ಮುಳಾ ನದಿಯನ್ನು ದಾಟಿದರೆ ದಾಪೋಡಿ. ಮುಂಬಯಿ ಸರಕಾರದ ಸಸ್ಯೋದ್ಯಾನ 1828ರಲ್ಲಿ ಆರಂಭವಾದುದು ಅಲ್ಲಿಯೇ. ಅಲೆಗ್ಸಾಂಡರ್ ಗಿಬ್ಸನ್ನರ ಮೇಲ್ವಿಚಾರಣೆಯಲ್ಲಿ 1847ರಿಂದ 1850ರ ವರೆಗೆ ಅಲ್ಲಿ ರಚಿತವಾದ ಸಸ್ಯಚಿತ್ರಗಳು ಈಗ ಎಡಿನ್‌ಬರೋದ ರಾಜಕೀಯ ಸಸ್ಯೋದ್ಯಾನದಲ್ಲಿವೆ. ಚಿತ್ರದಲ್ಲಿರುವ ಗಿಡಗಳ ಹೆಸರು ತಿಳಿದಿದೆ; ಚಿತ್ರಿಸಿದ ಕಲಾವಿದನ ಹೆಸರು ಉಳಿದಿಲ್ಲ. ಖಡಕಿಗೆ ಹೊಂದಿಕೊಂಡ ಗಣೇಶಖಿಂಡದ ಉದ್ಯಾನ 1873ರದು. ಭಾರತೀಯ ಸಸ್ಯಸರ್ವೇಕ್ಷಣ ಸಂಸ್ಥೆಯ ಪಶ್ಚಿಮ ವಿಭಾಗ 1955ರಿಂದ ಪುಣೆಯಲ್ಲಿದೆ. ಬೆಳಗಾವಿ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಅಲ್ಲಿಯ ಸಸ್ಯಗಳ ದಾಖಲೆಗೂ ಇದೇ ಪರಂಪರೆ ಆಶ್ರಯವಾಯಿತು. ಪುಣೆಯ ವಿಜ್ಞಾನ ಕಾಲೇಜಿನ ಪ್ರಾಂಶುಪಾಲರಾಗಿದ್ದ ಥಿಯೊಡರ್ ಕುಕ್ಕರು 1901ರಿಂದ 1908ರ ವರೆಗೆ ಪ್ರಕಟಿಸಿದ ಮುಂಬಯಿ ಪ್ರಾಂತದ ಸಸ್ಯಗ್ರಂಥ ಹೂಬಿಡುವ ಗಿಡಗಳಿಗೆ ಮೀಸಲಾಗಿತ್ತು. ಜರಿಗಳಿಗೆ ಅಂಥ ಗ್ರಂಥ ದೊರೆತದ್ದು 1922ರಲ್ಲಿ, ಬ್ಲಾಟರ್ ಮತ್ತು ಡಿ’ಆಲ್ಮೇಡ ಅವರಿಂದ.

2

ಮೊದಲು ಗಿಡದ ಸ್ವರೂಪವನ್ನು ನೋಡಬಹುದು. ಮರದ ತೊಗಟೆಯ ಮೇಲೆ, ಪಾಚಿಯ ನಡುವೆ ಹರಿದಾಡುವ ಇದರ ಬೇರುಕಾಂಡವೇ ಗಿಡದ ನಿಜವಾದ ದೇಹ. ಅದರ ಮೈತುಂಬ ಕಂದು ಬಣ್ಣದ ಶಲ್ಕಗಳು, ಅಂದರೆ ಹೊಟ್ಟಿನಂಥ ಪೊರೆಗಳು, ಹೊದಿಸಿದಂತೆ ಇರುತ್ತವೆ. ಸೂಕ್ಷ್ಮದರ್ಶಕದಲ್ಲಿ ಈ ಶಲ್ಕಗಳು ಜಾಲಂಧ್ರದಂತೆ ಕಾಣುತ್ತವೆ: ಕೋಶಗಳ ಗೋಡೆ ದಪ್ಪ, ನಡುವಣ ಭಾಗ ಪಾರದರ್ಶಕ. ಬೇರುಕಾಂಡದಿಂದ ಮೇಲೇಳುವ ಎಲೆಗಳು ಬಿಡಿಬಿಡಿ. ಈಟಿಯ ಅಲಗಿನಂತೆ ನೀಳ, ಅಂಚು ಅಖಂಡ, ಮೈ ತೊಗಲಿನಂತೆ ದಪ್ಪ. ಜರಿಯೆಂದರೆ ಸೀಳುಸೀಳಾದ ಗರಿಯಂಥ ಎಲೆ ಎಂದು ಭಾವಿಸಿದವರು ಇದನ್ನು ಜರಿಯೆಂದೇ ಗುರುತಿಸಲಾರರು.

ಎಲೆಯ ಕೆಳಮೈಯನ್ನು ನೋಡಿದಾಗ ಸಂದೇಹ ಪರಿಹಾರವಾಗುತ್ತದೆ. ಮೇಲಿನ ಅರ್ಧದಲ್ಲಿ, ನಡುನರದ ಎರಡೂ ಕಡೆ ಒಂದೊಂದು ಸಾಲಿನಂತೆ ದುಂಡನೆಯ ಬೊಟ್ಟುಗಳಿರುತ್ತವೆ. ಪ್ರತಿಯೊಂದು ಬೊಟ್ಟೂ ಬೀಜಾಣುಧಾನಿಗಳ ಒಂದು ಗುಂಪು. ಶಾಸ್ತ್ರದಲ್ಲಿ ಇದಕ್ಕೆ ಸೋರಸ್ ಎಂದು ಹೆಸರು. ಅನೇಕ ಜರಿಗಳಲ್ಲಿ ಈ ಗುಂಪನ್ನು ಮುಚ್ಚುವ ಪೊರೆಯೊಂದು ಇರುತ್ತದೆ. ಇದರಲ್ಲಿ ಅದಿಲ್ಲ. ಬದಲಾಗಿ, ಎಳೆಯ ಬೀಜಾಣುಧಾನಿಗಳನ್ನು ಕೊಡೆಯ ಆಕಾರದ, ನಡುವೆ ಕಾವಿರುವ ಪುಟ್ಟ ಶಲ್ಕಗಳು ಮರೆಮಾಡಿರುತ್ತವೆ. ಬಲಿತಾಗ ಈ ಗುರಾಣಿಗಳು ಸರಿದುಹೋಗುತ್ತವೆ. ಬೀಜಾಣುಧಾನಿಯನ್ನು ಬಳಸಿರುವ ದಪ್ಪಗೋಡೆಯ ಕೋಶಗಳ ಉಂಗುರ ಒಣಗುತ್ತ ಹಿಂದಕ್ಕೆ ಬಾಗಿ, ಒಂದು ಹಂತದಲ್ಲಿ ಫಕ್ಕನೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಆ ರಭಸಕ್ಕೆ ಬೀಜಾಣುಗಳು ಕವಣೆಯ ಕಲ್ಲಿನಂತೆ ಎಸೆಯಲ್ಪಟ್ಟು ಗಾಳಿಯ ಪಾಲಾಗುತ್ತವೆ. ತೇವವಿರುವ ತೊಗಟೆಯ ಮೇಲೆ ಬಿದ್ದ ಬೀಜಾಣು ಮೊಳೆತು ಕೆಲವೇ ಮಿಲಿಮೀಟರಿನ ಹಸಿರು ಹಾಳೆಯಾಗುತ್ತದೆ. ಗಂಡು ಹೆಣ್ಣು ಲಿಂಗಾಣುಗಳು ಹುಟ್ಟುವುದು ಆ ಹಾಳೆಯಲ್ಲಿ. ಅವು ಕೂಡಬೇಕಾದರೆ ನೀರಿನ ತೆಳುಪದರ ಬೇಕೇಬೇಕು. ಎತ್ತರದ ಬೆಟ್ಟಗಳ ಮಂಜು ಮಳೆಗಳಿಗೂ ಈ ಗಿಡಕ್ಕೂ ಇರುವ ನಂಟಿನ ಒಂದು ಮುಖ್ಯ ಕಾರಣ ಇಲ್ಲಿದೆ.

ಮರದ ಮೇಲಿದ್ದರೂ ಇದು ಮರದ ರಸವನ್ನು ಹೀರುವುದಿಲ್ಲ. ಬೇರುಗಳು ತೊಗಟೆಯನ್ನು ಹಿಡಿದುಕೊಳ್ಳುತ್ತವೆಯೇ ಹೊರತು ಒಳಹೊಕ್ಕು ಆಹಾರನಾಳಗಳನ್ನು ಮುಟ್ಟುವುದಿಲ್ಲ. ಮಳೆಯ ನೀರು, ತೊಗಟೆಯ ಬಿರುಕಿನಲ್ಲಿ ಕೊಳೆತ ಕಸ, ಗಾಳಿಯ ಧೂಳು ಇವೇ ಇದರ ಆಧಾರ. ಮಳೆ ನಿಂತ ಮೇಲೆ ಎಲೆಗಳು ಮುರುಟುತ್ತವೆ, ಹಲವು ಉದುರುತ್ತವೆ. ಬೇರುಕಾಂಡ ಮುಂದಿನ ಮಳೆಗೆ ಕಾಯುತ್ತದೆ.

3

ಇನ್ನು ಹೆಸರಿನ ಇತಿಹಾಸ. 1753ರಲ್ಲಿ ಲಿನೇಯಸ್ ತನ್ನ ಸಸ್ಯಗ್ರಂಥದಲ್ಲಿ ಹೂವಿಲ್ಲದ ಗಿಡಗಳನ್ನೆಲ್ಲ ‘ಗುಪ್ತವಿವಾಹ’ ಎಂಬರ್ಥದ ಒಂದೇ ವರ್ಗಕ್ಕೆ ಹಾಕಿದನು. ಜರಿಗಳಲ್ಲಿ ದುಂಡು ಬೊಟ್ಟುಗಳಿರುವವು ಅಲ್ಲಿ ಪಾಲಿಪೋಡಿಯಮ್, ಅಂದರೆ ‘ಬಹುಪಾದ’ ಎಂಬ ಜಾತಿಯಾದವು. ನಮ್ಮ ಗಿಡವನ್ನು 1823ರಲ್ಲಿ ವರ್ಣಿಸಿದ ವಿಲಿಯಂ ಜಾಕ್ಸನ್ ಹುಕರ್, ಗುರಾಣಿಯಾಕಾರದ ಶಲ್ಕಗಳನ್ನು ಗಮನಿಸಿ ಅದನ್ನು ಪ್ಲಿಯೊಪೆಲ್ಟಿಸ್ ಜಾತಿಗೆ ಸೇರಿಸಿ ಪ್ಲಿಯೊಪೆಲ್ಟಿಸ್ ನ್ಯೂಡ ಎಂದು ಕರೆದನು. ಗ್ರೀಕಿನ ‘ಪೆಲ್ಟೆ’ ಎಂದರೆ ಗುರಾಣಿ. ಆ ಜಾತಿ ಮೊದಲು ಸ್ಥಾಪಿತವಾದುದು ಅಮೆರಿಕದ ಗಿಡಗಳ ಆಧಾರದ ಮೇಲೆ ಎಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಅನಂತರ ಬಂದ ವಿದ್ವಾಂಸರು ಈ ಗಿಡವನ್ನು ಜಪಾನಿನ ಒಂದು ಪ್ರಭೇದದೊಂದಿಗೆ ಬೆರೆಸಿದರು. ಅದಕ್ಕೆ ಥುನ್‌ಬರ್ಗ್ 1784ರಲ್ಲಿ ಇಟ್ಟ ಹೆಸರು ಪಾಲಿಪೋಡಿಯಮ್ ಲೀನಿಯಾರೆ. ದಕ್ಷಿಣ ಭಾರತದ ಜರಿಗಳ ಬಗೆಗೆ ಆಧಾರಗ್ರಂಥಗಳನ್ನು ಕೊಟ್ಟ ಬೆಡ್ಡೋಮ್ 1883ರ ಕೈಪಿಡಿಯಲ್ಲಿ ಇದೇ ವಿಶಾಲಾರ್ಥದಲ್ಲಿ ಪ್ಲಿಯೊಪೆಲ್ಟಿಸ್ ಲೀನಿಯಾರಿಸ್ ಎಂಬ ಹೆಸರನ್ನು ಬಳಸಿದರು. ಆದರೆ ಥುನ್‌ಬರ್ಗನಿಗಿಂತ ಹದಿನಾರು ವರ್ಷ ಮೊದಲೇ, 1768ರಲ್ಲಿ, ಬರ್ಮನ್ ಅದೇ ಪಾಲಿಪೋಡಿಯಮ್ ಲೀನಿಯಾರೆ ಎಂಬ ಹೆಸರನ್ನು ಬೇರೊಂದು ಗಿಡಕ್ಕೆ ಕೊಟ್ಟಿದ್ದನು. ಮಲೆನಾಡಿನ ರಸ್ತೆಬದಿಯ ದರೆಗಳಲ್ಲಿ ಕವಲೊಡೆದು ದಟ್ಟವಾಗಿ ಹಬ್ಬುವ, ಇಂದು ಡಿಕ್ರನಾಪ್ಟೆರಿಸ್ ಎನಿಸಿಕೊಳ್ಳುವ ನೆಲಜರಿ ಅದು. ಒಂದೇ ಹೆಸರು ಎರಡು ಗಿಡಗಳಿಗೆ ಬಂದಾಗ ಮೊದಲಿನದು ಮಾನ್ಯ, ಎರಡನೆಯದು ಅಮಾನ್ಯ ಎಂಬುದು ಸಸ್ಯನಾಮಕರಣದ ನಿಯಮ. ನಾಗವರ್ಮರು ಎಷ್ಟು ಮಂದಿ, ಯಾವ ಕೃತಿ ಯಾರದು ಎಂಬ ಚರ್ಚೆಯನ್ನು ಬಲ್ಲ ನಮಗೆ ಇಂಥ ನಿಯಮದ ಅವಶ್ಯಕತೆಯನ್ನು ವಿವರಿಸಬೇಕಾಗಿಲ್ಲ.

1933ರಲ್ಲಿ ಚೀನದ ಜರೀವಿಜ್ಞಾನಿ ರೆನ್‌ಚಾಂಗ್ ಚಿಂಗ್ ಏಷ್ಯದ ಈ ಗುಂಪನ್ನು ಲೆಪಿಸೋರಸ್ ಎಂಬ ಸ್ವತಂತ್ರ ಜಾತಿಯಾಗಿ ಎತ್ತಿಹಿಡಿದರು. ‘ಲೆಪಿಸ್’ ಎಂದರೆ ಶಲ್ಕ, ‘ಸೋರೊಸ್’ ಎಂದರೆ ಗುಪ್ಪೆ. ಹುಕರ್ ಕೊಟ್ಟ ಪ್ರಭೇದನಾಮ ಉಳಿದುಕೊಂಡಿತು. ಆದುದರಿಂದ ಶಾಸ್ತ್ರಗ್ರಂಥಗಳಲ್ಲಿ ಈ ಹೆಸರಿನ ಮುಂದೆ ಹುಕರನ ಹೆಸರು ಆವರಣದೊಳಗೂ ಚಿಂಗರ ಹೆಸರು ಹೊರಗೂ ಬರುತ್ತವೆ. ಒಳಗಿನದು ಮೊದಲು ವರ್ಣಿಸಿದವನದು, ಹೊರಗಿನದು ಈಗಿನ ಸ್ಥಾನವನ್ನು ಕೊಟ್ಟವನದು. ಅಡಿಟಿಪ್ಪಣಿಯಲ್ಲಿ ಪಾಠಾಂತರವನ್ನು ಉಳಿಸಿಕೊಳ್ಳುವ ಸಂಪಾದಕನ ಪ್ರಾಮಾಣಿಕತೆಯೇ ಇಲ್ಲಿಯೂ ಕೆಲಸಮಾಡಿದೆ.

4

ಹೆಸರು ಹೀಗೆ ಬದಲಾದುದು ವಿದ್ವಾಂಸರ ಚಪಲದಿಂದಲ್ಲ. ಗ್ರಂಥಸಂಪಾದನೆಯಲ್ಲಿ ಎರಡು ಪ್ರತಿಗಳು ಸರಿಯಾದ ಪಾಠದಲ್ಲಿ ಒಂದಾಗಿದ್ದರೆ ಅದರಿಂದ ಅವುಗಳ ಹತ್ತಿರದ ನಂಟು ಸಿದ್ಧವಾಗದು. ಮೂಲದಲ್ಲಿದ್ದುದು ಎರಡಕ್ಕೂ ಬಂದಿರಬಹುದು. ನಂಟನ್ನು ತೋರಿಸುವುದು ಎರಡಕ್ಕೂ ಸಮಾನವಾದ ವ್ಯತ್ಯಾಸ, ಅಂದರೆ ಸಮಾನದೋಷ. ಅದರಲ್ಲಿಯೂ ಇಬ್ಬರು ಲಿಪಿಕಾರರು ಪ್ರತ್ಯೇಕವಾಗಿ ಎಸಗಬಹುದಾದ ಸುಲಭದೋಷಗಳನ್ನು ಬಿಟ್ಟುಬಿಡಬೇಕು. ಸಸ್ಯವರ್ಗೀಕರಣದ ಆಧುನಿಕ ತತ್ತ್ವವೂ ಇದೇ. ಪ್ರಾಚೀನ ಲಕ್ಷಣಗಳ ಸಾಮ್ಯ ಸಾಕ್ಷ್ಯವಲ್ಲ. ಹೊಸದಾಗಿ ಮೂಡಿದ ಲಕ್ಷಣವನ್ನು ಹಂಚಿಕೊಂಡಿದ್ದರೆ ಅದು ಸಾಕ್ಷ್ಯ. ಅದೂ ಬೇರೆಬೇರೆ ಕಡೆ ಸ್ವತಂತ್ರವಾಗಿ ಮೂಡಿರಬಾರದು.

ಗುರಾಣಿಯಂಥ ಶಲ್ಕವೇ ಇಲ್ಲಿ ಸುಲಭದೋಷದ ಸ್ಥಾನದಲ್ಲಿದೆ. ಹುಕರನನ್ನು ಪ್ಲಿಯೊಪೆಲ್ಟಿಸಿನ ಕಡೆಗೆ ಎಳೆದದ್ದು ಅದೇ. ನೀಲಗಿರಿಯಂಥ ಎತ್ತರದ ಬೆಟ್ಟಗಳಲ್ಲಿ ನಿಜವಾದ ಪ್ಲಿಯೊಪೆಲ್ಟಿಸೂ ಒಂದುಂಟು: ಪ್ಲಿಯೊಪೆಲ್ಟಿಸ್ ಮ್ಯಾಕ್ರೊಕಾರ್ಪ. ಅಮೆರಿಕ, ಆಫ್ರಿಕ, ಶ್ರೀಲಂಕೆಗಳಲ್ಲಿಯೂ ಬೆಳೆಯುವ ಈ ಅಪ್ಪುಜರಿಗೂ ಲೆಪಿಸೋರಸಿಗೂ ಇರುವ ರೂಪಸಾಮ್ಯ ಬೆರಗುಗೊಳಿಸುವಂಥದು. ಆದರೆ ಡಿಎನ್ಎ ಪರೀಕ್ಷೆಯ ಸಾಕ್ಷ್ಯ ಬೇರೆ. ಡಿಎನ್ಎ ನಾಲ್ಕೇ ಅಕ್ಷರಗಳಲ್ಲಿ ಬರೆದ, ತಲೆಮಾರಿನಿಂದ ತಲೆಮಾರಿಗೆ ನಕಲಾಗುತ್ತ ಬಂದ ಒಂದು ಪಠ್ಯ. ನಕಲಿನಲ್ಲಿ ನುಸುಳಿದ ವ್ಯತ್ಯಾಸಗಳನ್ನು ಹೋಲಿಸಿ ವಂಶವೃಕ್ಷವನ್ನು ರಚಿಸುತ್ತಾರೆ. ಈ ಬಗೆಯ ಅಧ್ಯಯನಗಳನ್ನೂ ಆಧರಿಸಿ 2016ರಲ್ಲಿ ಹಲವು ದೇಶಗಳ ವಿದ್ವಾಂಸರು ಸೇರಿ ರೂಪಿಸಿದ ವರ್ಗೀಕರಣದಲ್ಲಿ ಜರಿಗಳು ಮತ್ತು ಅವುಗಳೊಡನೆ ಎಣಿಸಲಾಗುವ ಸಸ್ಯಗಳು ಒಟ್ಟು 51 ಕುಟುಂಬ, 337 ಜಾತಿ, ಸುಮಾರು 11,900 ಪ್ರಭೇದಗಳಾಗಿವೆ. ಅದರಲ್ಲಿ ಲೆಪಿಸೋರಸ್, ಪ್ಲಿಯೊಪೆಲ್ಟಿಸ್ ಎರಡೂ ಪಾಲಿಪೋಡಿಯೇಸಿ ಕುಟುಂಬದವೇ ಆದರೂ ಬೇರೆಬೇರೆ ಉಪಕುಟುಂಬಗಳಿಗೆ ಸೇರಿವೆ. ಗುರಾಣಿ ಎರಡು ಕಡೆ ಪ್ರತ್ಯೇಕವಾಗಿ ಒದಗಿಬಂದ ಸಾಧನ. ಒಂದೇ ಮನೆಯ ಆಸ್ತಿಯಲ್ಲ.

ವಿಚಾರ ಇಲ್ಲಿಗೂ ನಿಂತಿಲ್ಲ. ಎಲೆಯ ಆಕಾರದಲ್ಲಿ ಭಿನ್ನವಾಗಿರುವ ಬೆಲ್ವಿಸಿಯ, ಲೆಮ್ಮಫಿಲಮ್ ಮೊದಲಾದವೂ ಇದೇ ವಂಶದೊಳಗೆ ಬರುತ್ತವೆಂದು ಕಂಡುಬಂದು, ಅವನ್ನೆಲ್ಲ ಕೂಡಿಸಿ ಲೆಪಿಸೋರಸ್ ಜಾತಿಯನ್ನು ಹಿಗ್ಗಿಸುವ ಸೂಚನೆ 2020ರಲ್ಲಿ ಬಂದಿದೆ. ಹೋಲುವವು ಬೇರೆಯಾದವು, ಹೋಲದವು ಒಂದಾದವು. ವರ್ಗೀಕರಣದಲ್ಲಿ ಹೆಸರೆಂಬುದು ಬರಿಯ ಗುರುತಲ್ಲ, ವಂಶದ ಬಗೆಗಿನ ಒಂದು ವಾದ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

5

ಕನ್ನಡಕ್ಕೆ ಬರೋಣ. ಆಡುಮಾತಿನ ಹೆಸರು ವಂಶವನ್ನು ಸಾಧಿಸಹೊರಡುವುದಿಲ್ಲ. ಬಳಕೆಯನ್ನು, ನೆಲೆಯನ್ನು, ರೂಪವನ್ನು ಹಿಡಿಯುತ್ತದೆ. ಕೊಡಗಿನಲ್ಲಿ ಎಳೆಯ ಸುರುಳಿಗಳನ್ನು ಪಲ್ಯಕ್ಕೆ ಬಳಸುವ ಜರಿಗೆ ‘ತೆರ್ಮೆ’ ಎಂಬ ಸ್ವಂತ ಹೆಸರಿದೆ. ತಿನ್ನಲು ಬಾರದ ಅಪ್ಪುಜರಿಗೆ ಅಂಥ ಪ್ರಸಿದ್ಧಿ ಇಲ್ಲ. ಮರದ ಮೇಲೆ ಬೆಳೆಯುವ ಸೀತಾಳೆಯಂಥವಕ್ಕೆ ‘ಮರಬಾಳೆ’ ಎಂಬ ಮಾತಿದೆ. 1678ರಿಂದ 1693ರ ವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ ಹೋರ್ಟುಸ್ ಮಲಬಾರಿಕುಸ್ ಗ್ರಂಥದಲ್ಲಿ ಮರವಾಸಿಗಳಾದ ಹಲವು ಗಿಡಗಳ ಹೆಸರಿನ ಕೊನೆಗೆ ‘ಮರವಾರ’ ಎಂದಿದೆ. ಅದು ಮಲಯಾಳದ ‘ಮರವಾಳ’. ನಮ್ಮ ‘ಬಾಳೆ’ಯೇ ಅಲ್ಲಿ ‘ವಾಳ’. ಎರಡು ಸೋದರ ಭಾಷೆಗಳು ಒಂದೇ ಉಪಮೆಯಿಂದ ಈ ಗಿಡಗಳ ಜೀವನಕ್ರಮವನ್ನು ಹಿಡಿದಿರುವುದು ಗಮನಾರ್ಹ.

ಶಾಸ್ತ್ರಪರಿಭಾಷೆಯಲ್ಲಿ ಇಂಥ ಗಿಡಗಳಿಗೆ ‘ಅಪ್ಪುಗಿಡ’ ಎಂಬ ಅಚ್ಚಗನ್ನಡದ ಪದವುಂಟು. ಮರವನ್ನು ತಬ್ಬಿಕೊಂಡದ್ದು ಎಂಬುದಷ್ಟೇ ಅದರ ಅರ್ಥ. ಅದು ನಿಜವೂ ಹೌದು. ಆದರೆ ವ್ಯವಹಾರದಲ್ಲಿ ಮರದ ಮೇಲಿರುವುದನ್ನೆಲ್ಲ ‘ಬಂದಳಿಕೆ’ ಎಂದುಬಿಡುವುದುಂಟು. ಬಂದಳಿಕೆ ಮರದೊಳಗೆ ಬೇರಿಳಿಸಿ ರಸವನ್ನು ಹೀರುವ ಪರಾವಲಂಬಿ. ಈ ಎರಡು ಮಾತುಗಳ ಅಂತರ ಅಳಿದರೆ ಪರಿಣಾಮ ನಿಘಂಟಿನೊಳಗೇ ಉಳಿಯುವುದಿಲ್ಲ: ನಿರಪರಾಧಿಯಾದ ಜರಿಯನ್ನು ಕಳ್ಳನೆಂದು ಕರೆದು ಕೊಂಬೆಯಿಂದ ಕೆರೆದುಹಾಕಲು ಆ ಹೆಸರೊಂದೇ ಸಾಕು. ಮುದಿಮರದ ತೊಗಟೆಯ ಮೇಲೆ ವರ್ಷಗಟ್ಟಲೆ ಕೂಡಿದ ಪಾಚಿ, ಕಸ, ತೇವಗಳೊಡನೆ ಬೆಳೆದುದು ಒಂದು ಕತ್ತಿಯ ಬಾಯಿಗೆ ಹೋಗುತ್ತದೆ. ಪದವನ್ನು ಸರಿಯಾಗಿ ಬಳಸುವುದು ಇಲ್ಲಿ ಗಿಡವನ್ನು ಉಳಿಸುವ ಕೆಲಸವೂ ಹೌದು.

ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’, ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ ಇವು ಸಸ್ಯವಿಚಾರವನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿವೆ. ಉಳಿದಿರುವ ಕೆಲಸ ಸಂಗ್ರಹದ್ದು. ಸಸ್ಯಶಾಸ್ತ್ರದಲ್ಲಿ ಪ್ರತಿಯೊಂದು ಪ್ರಭೇದದ ಹೆಸರನ್ನೂ ಒಂದು ಮಾದರಿಗೆ ಕಟ್ಟಿಹಾಕಿರುತ್ತಾರೆ. ಸಾಮಾನ್ಯವಾಗಿ ಅದು ಒಣಗಿಸಿ ಕಾಪಿಟ್ಟ ಗಿಡ. ವಿವಾದ ಬಂದರೆ ತೀರ್ಮಾನ ಅದನ್ನು ನೋಡಿಯೇ. ನಿಘಂಟುಕಾರನು ಅರ್ಥಕ್ಕೆ ಪ್ರಯೋಗವನ್ನು ಆಧಾರವಾಗಿ ಕೊಡುವುದೂ ಇದೇ ನ್ಯಾಯದಿಂದ. ಆದರೆ ನಮ್ಮ ನಿಘಂಟುಗಳಲ್ಲಿ ಸಸ್ಯನಾಮಗಳ ಎದುರಿಗೆ ‘ಒಂದು ಬಗೆಯ ಗಿಡ’ ಎಂಬ ವಿವರಣೆ ಇಂದಿಗೂ ಅಪರೂಪವಲ್ಲ. ಹೆಸರು ಉಳಿದು ವಸ್ತು ತಪ್ಪಿಹೋದ ಸ್ಥಿತಿ ಅದು. ಲೆಪಿಸೋರಸಿನದು ವಸ್ತುವಿದ್ದೂ ಹೆಸರು ದೊರೆಯದ ಸ್ಥಿತಿ.

ಕ್ಷೇತ್ರಕಾರ್ಯಕ್ಕೆ ಹೊರಡುವ ಕನ್ನಡ ವಿದ್ಯಾರ್ಥಿಗಳು ಗಾದೆ ಒಗಟುಗಳೊಂದಿಗೆ ಗಿಡದ ಹೆಸರನ್ನೂ ಬರೆದುಕೊಳ್ಳಬೇಕು; ಹೇಳಿದ ಊರು, ತಿಂಗಳು, ಗಿಡ ಬೆಳೆದ ನೆಲೆ ಇವನ್ನು ದಾಖಲಿಸಿ, ಒಂದು ಎಲೆಯನ್ನು ಕಾಗದದ ನಡುವೆ ಒಣಗಿಸಿ ಸಸ್ಯಶಾಸ್ತ್ರ ವಿಭಾಗದವರಿಗೆ ತೋರಿಸಬೇಕು. ಜರಿಯಾದರೆ ಕೆಳಮೈಯಲ್ಲಿ ಬೊಟ್ಟುಗಳಿರುವ ಎಲೆಯನ್ನೇ ಆರಿಸಿಕೊಳ್ಳುವುದು ಅಗತ್ಯ, ಏಕೆಂದರೆ ನಿರ್ಣಯಕ್ಕೆ ಮುಖ್ಯ ಆಧಾರ ಅಲ್ಲಿಯೇ ಇದೆ. ಎರಡು ವಿಭಾಗಗಳು ಕೂಡಿ ಇಷ್ಟನ್ನು ಮಾಡಿದರೆ, ಮಲೆನಾಡಿನ ಯಾವುದೋ ಹಾಡಿಯಲ್ಲಿ, ಯಾರದೋ ನಾಲಗೆಯ ಮೇಲೆ ಈ ಅಪ್ಪುಜರಿಗೆ ಹೆಸರೊಂದಿದ್ದರೆ, ಅದು ಆಡುವವರೊಂದಿಗೆ ಕಳೆದುಹೋಗುವ ಮುನ್ನ ಗ್ರಂಥಸ್ಥವಾದೀತು.